ಫೋರ್ ಬೈ ಫೋರ್ ಕೆಟ್ಟಿದೆಯೋ, ಹಬ್ ಮಲಗಿದೆಯೋ?

ಹಳೆಯ ಫೋರ್ ಬೈ ಫೋರ್ ಗಾಡಿ ಇಟ್ಟುಕೊಂಡಿರೋ ನಮ್ಮಂಥವರು ಪುಣೆಯ ಗ್ಯಾರೇಜುಗಳಲ್ಲಿ ಕೇಳೋ ಮಾತು ಒಂದೇ. "ಖೋಲಾವಾ ಲಾಗೇಲ್!" ಬಿಚ್ಚಲೇಬೇಕಂತೆ. ಏನನ್ನು? ಟ್ರಾನ್ಸ್‌ಫರ್ ಕೇಸನ್ನು, ಅಂದರೆ ಇಂಜಿನ್ನಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚೋ ಪೆಟ್ಟಿಗೆಯನ್ನು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮುಂದಿನ ಚಕ್ರ ಎಳೀತಿಲ್ಲ ಅನ್ನೋ ದೂರಿಗೆ ಆ ಪೆಟ್ಟಿಗೆ ಬಿಚ್ಚೋದು ಕಟ್ಟಕಡೆಯ ಕೆಲಸ, ಮೊದಲನೆಯದಲ್ಲ.

ನಾನು ಮಾತಾಡ್ತಿರೋದು ಮಾರುತಿ ಜಿಪ್ಸಿ ಬಗ್ಗೆ. 1985ರಲ್ಲಿ ಬಂದ ಗಾಡಿ, 1996ರಲ್ಲಿ 'ಕಿಂಗ್' ಆಯಿತು, 2010ರ ದಶಕದ ಕೊನೆಗೆ ತಯಾರಿಕೆಯೇ ನಿಂತಿತು. ಹಳೆಯ ಜೀಪುಗಳಿಗೂ ಬಹುಮಟ್ಟಿಗೆ ಇದೇ ಲೆಕ್ಕ. ಸಿರ್ಸಿ ಕಡೆ ಮಳೆಗಾಲ ಕಂಡವರಿಗೆ ಇದನ್ನು ಯಾಕೆ ಮಾರಲ್ಲ ಅಂತ ವಿವರಿಸಬೇಕಾಗಿಲ್ಲ. ಡಾಂಬರು ಮುಗಿದ ಮೇಲೆ ಮನೆಯವರೆಗೆ ಕೆಮ್ಮಣ್ಣಿನ ಏರು. ಜುಲೈ ತಿಂಗಳ ರಾತ್ರಿ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಆಂಬುಲೆನ್ಸ್ ಕೆಳಗೇ ನಿಲ್ಲುತ್ತೆ. ಅಲ್ಲೀತನಕ ಇಳಿಸೋದು ಇದೇ ಗಾಡಿ. "ಅದ್ಯಾವುದೋ ಲಿವರ್ ಇದ್ದು ಅಂದಿದ್ಯಲ್ಲ ತಮಾ, ಎಳಿತಿಲ್ಯ?" ಅಂತ ಚಿಕ್ಕಪ್ಪ ಕೊಡೆ ಹಿಡಿದು ಕೇಳೋವಾಗ ಟ್ರಾನ್ಸ್‌ಫರ್ ಕೇಸಿನ ಸಿದ್ಧಾಂತ ಉಪಯೋಗಕ್ಕೆ ಬರಲ್ಲ!

ಜಿಪ್ಸಿಯಲ್ಲಿ ಲಿವರ್ ಎಳೆದ ಮಾತ್ರಕ್ಕೆ ಕೆಲಸ ಮುಗಿಯಲ್ಲ. ಮುಂದಿನ ಎರಡೂ ಚಕ್ರಗಳ ನಡುವೆ ಒಂದೊಂದು ಹಬ್ ಇದೆ, ಅದರ ಮೇಲೊಂದು ತಿರುಪು. 'ಫ್ರೀ'ಯಲ್ಲಿದ್ದರೆ ಚಕ್ರ ಬರೀ ಉರುಳುತ್ತೆ, 'ಲಾಕ್'ಗೆ ತಿರುಗಿಸಿದರೆ ಮಾತ್ರ ಆಕ್ಸಲ್ ಜೊತೆ ಸೇರಿಕೊಳ್ಳುತ್ತೆ. ಕೆಳಗಿಳಿದು, ಮಳೆಯಲ್ಲಿ ನೆಂದು, ಎರಡನ್ನೂ ತಿರುಗಿಸಬೇಕು. ಒಂದನ್ನೇ ತಿರುಗಿಸಿದರೆ ಶಕ್ತಿಯೆಲ್ಲ ಸಡಿಲ ಇರೋ ಕಡೆಗೇ ಹರಿದುಹೋಗುತ್ತೆ, ಚಕ್ರ ಎಳೆಯಲ್ಲ. ಡ್ಯಾಶ್‌ಬೋರ್ಡಿನ ಫೋರ್ ವೀಲ್ ದೀಪ ಮಾತ್ರ ಚೆನ್ನಾಗೇ ಉರಿಯುತ್ತೆ! ಅದಕ್ಕೆ ಗೊತ್ತಿರೋದು ಟ್ರಾನ್ಸ್‌ಫರ್ ಕೇಸಿನ ವಿಷಯ ಮಾತ್ರ, ಹಬ್ಬಿನ ವಿಷಯ ಗೊತ್ತಿಲ್ಲ.

ಊರಿಗೆ ಹೋದಾಗ ವರ್ಷಕ್ಕೊಮ್ಮೆ ತಿರುಗಿಸೋ ಹಬ್ಬಿನೊಳಗೆ ಏನಾಗಿರುತ್ತೆ ಊಹಿಸಿ. ಗ್ರೀಸ್ ಒಣಗಿ ಮೇಣ ಆಗಿರುತ್ತೆ, ನೀರು ಹೋಗಿದ್ದರೆ ತುಕ್ಕು. ತಿರುಪು ಹೊರಗಡೆ 'ಲಾಕ್' ತೋರಿಸಿದರೂ ಒಳಗಿನ ಹಲ್ಲುಗಳು ಕೂಡಿರಲ್ಲ. ನಾಲ್ಕಾರು ಬೋಲ್ಟ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ತೆಳ್ಳಗೆ ಹೊಸ ಗ್ರೀಸ್ ಸವರಿದರೆ ಬಹಳಷ್ಟು ಸಲ ಸರಿಹೋಗುತ್ತೆ. ಪ್ರೀತಿಯಿಂದ ಗ್ರೀಸ್ ಗಿಡಿಯಬೇಡಿ, ಗಟ್ಟಿ ಗ್ರೀಸ್ ತುಂಬಿದರೂ ಹಲ್ಲು ಕೂಡಲ್ಲ.

ಬಿಚ್ಚೋದಕ್ಕೆ ಮುಂಚೆ ಒಂದು ಪರೀಕ್ಷೆ ಇದೆ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಲಿವರ್ 4ಎಚ್‌ನಲ್ಲಿರಲಿ, ಎರಡೂ ಹಬ್ ಲಾಕ್ ಆಗಿರಲಿ. ಈಗ ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಹಾಕಿ ಎತ್ತಿ (ಗಾಡಿಯ ಕೆಳಗೆ ಮಾತ್ರ ತೂರಬೇಡಿ), ಕೈಯಿಂದ ತಿರುಗಿಸಿ. ಸ್ವಲ್ಪ ಅಲ್ಲಾಡಿ ಬಿಗಿಯಾಗಿ ನಿಂತಿತೋ, ಎಲ್ಲ ಸರಿ ಇದೆ. ಸರಾಗ ತಿರುಗಿತೋ, ಜೊತೆಗಿರೋರಿಗೆ ಮುಂದಿನ ಆಕ್ಸಲ್ಲಿಗೆ ಹೋಗೋ ಪ್ರೊಪೆಲ್ಲರ್ ಶಾಫ್ಟನ್ನು ಬದಿಯಿಂದ ಬಗ್ಗಿ ನೋಡೋಕೆ ಹೇಳಿ. ಚಕ್ರ ತಿರುಗುತ್ತಾ ಶಾಫ್ಟ್ ನಿಂತೇ ಇದ್ದರೆ ತೊಂದರೆ ಎರಡರಲ್ಲೊಂದು ಹಬ್ಬಿನಲ್ಲಿದೆ. ಅಪರೂಪಕ್ಕೆ ಆಕ್ಸಲ್ ತುಂಡಾಗಿರಬಹುದು. ಶಾಫ್ಟೂ ಜೊತೆಗೆ ತಿರುಗಿದರೆ ಆಗ ಟ್ರಾನ್ಸ್‌ಫರ್ ಕೇಸಿನ ಕಡೆ, ಮೊದಲು ಅದರ ಲಿವರಿನ ಕಡೆ, ನೋಡಬಹುದು. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಪೆಟ್ಟಿಗೆ ಬಿಚ್ತೀನಿ ಅನ್ನೋರಿಗೆ ನಾನಂತೂ ಕೀ ಕೊಡಲ್ಲ.

ಇನ್ನೊಂದು ದೂರು: ಡಾಂಬರಿನ ಮೇಲೆ ಫೋರ್ ವೀಲ್ ಹಾಕಿದರೆ ಸ್ಟೀರಿಂಗ್ ಭಾರ, ತಿರುವಿನಲ್ಲಿ ಟೈರ್ ಕಿರಗುಟ್ಟುತ್ತೆ, ಲಿವರ್ ವಾಪಸ್ ಬರಲ್ಲ. ಇದು ಕೆಟ್ಟಿದ್ದಲ್ಲ ಸ್ವಾಮಿ, ಗಾಡಿ ಮಾಡಿರೋದೇ ಹಾಗೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಇಂಥ ಗಾಡಿಯಲ್ಲಿ ಎರಡೂ ಶಾಫ್ಟುಗಳು ಒಂದೇ ವೇಗದಲ್ಲಿ ಕಟ್ಟಿಹಾಕಿಕೊಂಡಿರ್ತವೆ. ಕೆಸರಿನಲ್ಲಾದರೆ ಟೈರ್ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತೆ, ಒಣ ಡಾಂಬರಿನ ಮೇಲೆ ಜಾರೋಕೆ ಆಗದೆ ಒಳಗೇ ಬಿಗಿಯುತ್ತೆ. ನಾಲ್ಕು ಮಾರು ನೇರ ಹಿಂದಕ್ಕೆ ತಗೊಂಡರೆ ಲಿವರ್ ತಾನಾಗಿ ಬಿಟ್ಟುಕೊಳ್ಳುತ್ತೆ. ಮುಂದೆ ಹೊಸ ಟೈರು, ಹಿಂದೆ ಸವೆದದ್ದು ಹಾಕಿದ್ದರೂ ಇದೇ ಪಾಡು.

ನಾಬ್ ತಿರುಗಿಸಿ ಫೋರ್ ವೀಲ್ ಹಾಕೋ ಎಸ್‌ಯುವಿ ನಿಮ್ಮದಾದರೆ ದಾರಿ ಸ್ವಲ್ಪ ಬೇರೆ. ಅಲ್ಲಿ ಮೊದಲು ಫ್ಯೂಸ್, ಅರ್ಥ್ ತಂತಿ, ಶಿಫ್ಟ್ ಮೋಟರಿನ ಕನೆಕ್ಟರ್ ನೋಡಬೇಕು. ದೀಪ ಮಿಣುಕುತ್ತಾ ಇದ್ದರೆ ಹೆಚ್ಚಾಗಿ ಅಲ್ಲೇ ಎಲ್ಲೋ ಹಸಿರು ತುಕ್ಕು ಹಿಡಿದಿರುತ್ತೆ.

ಮೆಕ್ಯಾನಿಕ್‌ಗಳನ್ನು ಪೂರ್ತಿ ಬೈಯಲಾರೆ. ದಿನಕ್ಕೆ ಹತ್ತು ಕಾರು ನೋಡೋ ಹುಡುಗನಿಗೆ ಹಬ್ ಇರೋ ಗಾಡಿ ವರ್ಷಕ್ಕೊಂದು ಬಂದರೆ ಹೆಚ್ಚು. ಆದರೆ ಹಳೆಯ ಗಾಡಿ ಉಳಿಸಿಕೊಳ್ಳೋದು ಈಗ ಮೊದಲಿನಷ್ಟು ಅಗ್ಗವಲ್ಲ. 15 ವರ್ಷದ ನಂತರದ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ ಖಾಸಗಿ ಕಾರಿಗೆ 600 ರೂಪಾಯಿಯಿಂದ 5,000ಕ್ಕೇರಿತು, 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಆಯಿತು. ಅದರ ಮೇಲೆ ಬೇಕಿಲ್ಲದ ರಿಪೇರಿ ಬಿಲ್ಲೂ ಬಂದರೆ ಯಾರೇ ಆದರೂ ಗುಜರಿಗೆ ಹಾಕ್ತಾರೆ. ಎಷ್ಟೋ ಒಳ್ಳೆಯ ಗಾಡಿಗಳು ಹಾಗೇ ಹೋಗಿವೆ, ಗ್ರೀಸಿನ ಕಾರಣಕ್ಕೆ!

ಹಾಗಾಗಿ ತಿಂಗಳಿಗೊಮ್ಮೆ ಎರಡೂ ಹಬ್ ಲಾಕ್ ಮಾಡಿ, ಲಿವರ್ ಎಳೆದು, ಮಣ್ಣಿನ ಮೇಲೆ ಒಂದೆರಡು ಕಿಲೋಮೀಟರ್ ಓಡಿಸಿ. ಪುಣೆಯಲ್ಲಿ ಮಣ್ಣು ರಸ್ತೆ ಎಲ್ಲಿ ಅಂತೀರಾ? ನಮ್ಮ ಸೊಸೈಟಿ ಹಿಂದಿನ ರಸ್ತೆ ಪೈಪ್ ಹಾಕೋಕೆ ಅಂತ ಅಗೆದು ಮೂರು ವರ್ಷ ಆಯ್ತು. ಬನ್ನಿ, ಅಲ್ಲೇ ಓಡಿಸೋಣ.