ಜೀವ ಸಿಕ್ಕಿತೆಂದು ಸಾರುವ ಮುನ್ನ



'ಬೇರೊಂದು ಗ್ರಹದಲ್ಲಿ ಜೀವ ಸಿಕ್ಕಿತು' ಎಂಬ ಸುದ್ದಿ 2025ರ ಏಪ್ರಿಲ್‌ನಲ್ಲಿ ಎಲ್ಲೆಡೆ ಹರಿದಾಡಿತು. ನಿಜವಾಗಿ ಸಿಕ್ಕಿದ್ದೇನು ಎಂಬುದನ್ನು ಸಮಾಧಾನದಿಂದ ನೋಡೋಣ.

ಆ ಗ್ರಹದ ಹೆಸರು ಕೆ2-18ಬಿ. ಸಿಂಹ ರಾಶಿಯ ದಿಕ್ಕಿನಲ್ಲಿ, ಸುಮಾರು 124 ಜ್ಯೋತಿರ್ವರ್ಷ ದೂರದಲ್ಲಿ, ಒಂದು ಮಂದ ಕೆಂಪು ನಕ್ಷತ್ರವನ್ನು ಅದು 33 ದಿನಕ್ಕೊಮ್ಮೆ ಸುತ್ತುತ್ತದೆ. ಅಗಲದಲ್ಲಿ ಭೂಮಿಯ ಸುಮಾರು ಎರಡೂವರೆ ಪಟ್ಟು. ಗ್ರಹವು ತನ್ನ ನಕ್ಷತ್ರದ ಎದುರು ಹಾದುಹೋಗುವಾಗ, ಅದರ ವಾತಾವರಣವನ್ನು ದಾಟಿ ಬರುವ ಬೆಳಕನ್ನು ಜೇಮ್ಸ್ ವೆಬ್ ದೂರದರ್ಶಕ ಬಿಡಿಸಿ ನೋಡುತ್ತದೆ. ಯಾವ ಬಣ್ಣದ ಬೆಳಕು ಕುಂದಿದೆಯೋ ಅದರಿಂದ ಅಲ್ಲಿರುವ ಅನಿಲದ ಗುರುತು ಸಿಗುತ್ತದೆ. ಅಲ್ಲಿ ಮೀಥೇನ್ ಇರುವುದು 2023ರಲ್ಲಿ ತಿಳಿದದ್ದು ಹೀಗೆ.

ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಅವರ ತಂಡ 2025ರಲ್ಲಿ ಪ್ರಕಟಿಸಿದ್ದು ಡೈಮಿಥೈಲ್ ಸಲ್ಫೈಡ್ ಅಥವಾ ಅದರ ಸಂಬಂಧಿ ಅನಿಲದ ಸುಳಿವನ್ನು. ನಮ್ಮ ಭೂಮಿಯಲ್ಲಿ ಈ ಅನಿಲ ಮುಖ್ಯವಾಗಿ ಕಡಲಿನ ಸೂಕ್ಷ್ಮಜೀವಿಗಳಿಂದ ಬರುತ್ತದೆ. ಆದರೆ ಅಂತಹ ಸಂಕೇತ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟಿತ್ತು. ಶೋಧವೆಂದು ಒಪ್ಪಬೇಕಾದರೆ ಅದು ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಇರಬೇಕು. ಇನ್ನೂ 16ರಿಂದ 24 ಗಂಟೆಗಳ ವೀಕ್ಷಣೆ ಬೇಕಾದೀತೆಂದು ಆ ತಂಡವೇ ಹೇಳಿತ್ತು. ಬೇರೆ ತಂಡಗಳು ಅದೇ ಅಂಕಿಅಂಶಗಳನ್ನು ಮತ್ತೆ ಲೆಕ್ಕಹಾಕಿ, ಸಾಕಷ್ಟು ಪುರಾವೆ ಇಲ್ಲ ಎಂದವು. ಮೇಲಾಗಿ ಅದೇ ಅನಿಲದ ಗುರುತು ಜೀವವಿಲ್ಲದ ಒಂದು ಧೂಮಕೇತುವಿನಲ್ಲೂ ಸಿಕ್ಕಿದೆ.

'ದಿನಕ್ಕೊಂದು ಮಾತಾಡುವ ವಿಜ್ಞಾನವನ್ನು ನಂಬುವುದು ಹೇಗೆ?' ಎಂದು ಕೆಲವರು ಕೇಳುತ್ತಾರೆ. ನಂಬಿಕೆಗೆ ಆಧಾರವೇ ಅದು ಎಂಬುದು ನನ್ನ ಅಭಿಪ್ರಾಯ. ಕಟ್ಟಡದ ಕೆಲಸದಲ್ಲಿ ಗುತ್ತಿಗೆದಾರ 'ಕಾಂಕ್ರೀಟ್ ಗಟ್ಟಿಯಿದೆ' ಎಂದರೆ ಸಾಲದು. ಕ್ಯೂಬ್‌ಗಳನ್ನು 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒಡೆದು ನೋಡಬೇಕು. ಖಗೋಳ ವಿಜ್ಞಾನಿಗಳು ತಮ್ಮ ಕ್ಯೂಬನ್ನು ಬೇರೆಯವರ ಯಂತ್ರಕ್ಕೇ ಒಪ್ಪಿಸಿದರು. 'ಸಿಂಹ ರಾಶಿಯವರಿಗೆ ಈ ವಾರ ಧನಲಾಭ' ಎಂದು ಬರೆಯುವವರು ತಮ್ಮ ಮಾತನ್ನು ಎಂದಾದರೂ ಹೀಗೆ ಪರೀಕ್ಷೆಗೆ ಒಡ್ಡಿದ್ದುಂಟೇ? ಅವರ ಮಾತು ಕೇಳಿ ಮದುವೆಗಳು ಮುರಿಯುತ್ತವೆ, ಹೆಣ್ಣುಮಕ್ಕಳು ಕಣ್ಣೀರಿಡುತ್ತಾರೆ.

'ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು' ಎನ್ನುವವರಿಗೂ ಒಂದು ಮಾತು. ಇನ್ನೂ ನಿಲ್ಲದ ಶೋಧಕ್ಕೆ ಧರ್ಮವನ್ನು ಕಟ್ಟಿಹಾಕಿದರೆ, ನಾಳೆ ಅದು ಬಿದ್ದಾಗ ನಗೆಪಾಟಲಾಗುವವರು ನಾವೇ.

ಮಠಗಳ ಪ್ರಸಾದ ನಿಲಯಗಳಲ್ಲಿ ಸಾವಿರಾರು ಮಕ್ಕಳು ಓದುತ್ತಿದ್ದಾರೆ. ವಾರಕ್ಕೊಂದು ವಿಜ್ಞಾನದ ಸುದ್ದಿಯನ್ನು ಅವರ ಮುಂದೆ ಓದಿ ಮೂರು ಪ್ರಶ್ನೆ ಕೇಳಿಸೋಣ: ಕಂಡದ್ದೇನು? ಬೇರೆ ಯಾರು ಪರೀಕ್ಷಿಸಿದರು? ಅದಕ್ಕೆ ಬೇರೆ ಕಾರಣ ಇರಬಹುದೇ? ಇದಕ್ಕೆ ಖರ್ಚೇನೂ ಇಲ್ಲ. 'ಇನ್ನೂ ತಿಳಿದಿಲ್ಲ' ಎಂದು ಅಳುಕಿಲ್ಲದೆ ಹೇಳಲು ಕಲಿತ ಮಗುವನ್ನು ಯಾವ ಜ್ಯೋತಿಷಿಯೂ ಹೆದರಿಸಲಾರ.