ಎರಡು ಮಿಲಿಮೀಟರ್‌ಗಳ ಆಸೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಬಂದು, ‘ಅಂಕಲ್, ನಿಮ್ಮ ಹತ್ತಿರ ಲೋಹ ಉಜ್ಜುವ ಅರಗಳ ಸೆಟ್ಟು ಇದೆಯಲ್ಲ, ಎರಡು ದಿನ ಕೊಡ್ತೀರಾ?’ ಎಂದು ಕೇಳಿದ. ಎಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿ. ಅಪ್ಪನ ಹಳೆಯ ಪೆಟ್ರೋಲ್ ಕಾರಿನ ಥ್ರಾಟಲ್ ಬಾಡಿಯನ್ನು ಕಳಚಿ, ಅದರ ರಂಧ್ರವನ್ನು ಎರಡು ಮಿಲಿಮೀಟರ್ ಹಿಗ್ಗಿಸಿ, ಎಂಜಿನ್ನಿನ ಶಕ್ತಿ ಹೆಚ್ಚಿಸುವುದು ಅವನ ಯೋಜನೆ. ಅರಗಳನ್ನು ಕೊಡಲು ನನಗೆ ಕೈ ಬರಲಿಲ್ಲ. ಹದಿನೈದು ವರ್ಷಗಳ ಹಿಂದೆ ಅದೇ ಅರಗಳಿಂದ ಅದೇ ಕೆಲಸವನ್ನು ನಾನೂ ಮಾಡಿದ್ದೆ.

ಥ್ರಾಟಲ್ ಬಾಡಿ ಎಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯ ಬಾಗಿಲು. ಅಲ್ಯೂಮಿನಿಯಂ ಕೊಳವೆಯೊಂದರ ನಡುವೆ ಒಂದು ದಂಡ, ಆ ದಂಡಕ್ಕೆ ಎರಡು ತಿರುಪಿನಿಂದ ಬಿಗಿದ ತೆಳುವಾದ ಲೋಹದ ಬಿಲ್ಲೆ. ಮೆಕ್ಯಾನಿಕ್‌ಗಳು ಇದನ್ನು ಬಟರ್‌ಫ್ಲೈ ಎನ್ನುತ್ತಾರೆ. ನಾವು ಆಕ್ಸಿಲರೇಟರ್ ಒತ್ತಿದಾಗ ತೆರೆದುಕೊಳ್ಳುವುದು ಪೆಟ್ರೋಲಿನ ನಲ್ಲಿಯಲ್ಲ, ಈ ಗಾಳಿಯ ಬಾಗಿಲು. ಬಂದ ಗಾಳಿ ಎಷ್ಟೆಂದು ಸೆನ್ಸರ್‌ಗಳಿಂದ ಅರಿತು, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರ್ ಸಿಂಪಡಿಸುತ್ತದೆ. ರಾಜಧಾನಿ ವಲಯದ ಹೊಸ ಕಾರುಗಳು ಯೂರೋ ಮಾನದಂಡ ಪಾಲಿಸಬೇಕೆಂದು 1999ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ನಂತರ ನಮ್ಮ ಸಣ್ಣ ಕಾರುಗಳಿಂದ ಕಾರ್ಬುರೇಟರ್ ಮರೆಯಾಗತೊಡಗಿ ಈ ವ್ಯವಸ್ಥೆ ಮನೆಮಾತಾಯಿತು.

ಬಾಗಿಲು ದೊಡ್ಡದಾದರೆ ಗಾಳಿ ಹೆಚ್ಚು, ಗಾಳಿ ಹೆಚ್ಚಾದರೆ ಶಕ್ತಿ ಹೆಚ್ಚು ಎಂಬ ತರ್ಕ ಯಾರನ್ನೂ ಮರುಳು ಮಾಡುವಂಥದು. ಬೆಂಗಳೂರಿನವರಿಗಂತೂ ಇದು ಇನ್ನಷ್ಟು ಆಕರ್ಷಕ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ವಾಯುವಿನ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತನೆಯ ಒಂದು ಭಾಗ ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಶಕ್ತಿಯನ್ನು ಇಲ್ಲಿ ಕಳೆದುಕೊಳ್ಳುತ್ತದೆ. 40 ಮಿಲಿಮೀಟರ್ ವ್ಯಾಸದ ರಂಧ್ರವನ್ನು 42ಕ್ಕೆ ಏರಿಸಿದರೆ ಅದರ ವಿಸ್ತೀರ್ಣ ಶೇಕಡಾ 10ರಷ್ಟು ಹೆಚ್ಚುತ್ತದೆ. ಊರು ಕಸಿದುಕೊಂಡದ್ದನ್ನು ಎರಡು ಮಿಲಿಮೀಟರ್‌ಗಳಲ್ಲಿ ಮರಳಿ ಪಡೆಯಬಹುದಲ್ಲ! ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಈ ಲೆಕ್ಕ ಇಂದಿಗೂ ಇದೆ. ಹುಡುಗ ತೋರಿಸಿದ ಕಾಗದದಲ್ಲೂ ಅದೇ ಲೆಕ್ಕವಿತ್ತು.

ಲೆಕ್ಕದಲ್ಲಿ ತಪ್ಪಿಲ್ಲ. ಎಂಜಿನ್ನಿಗೆ ಅಡ್ಡಿಯಾಗಿರುವುದು ಆ ರಂಧ್ರವೇ ಎಂಬ ಊಹೆಯಲ್ಲಿ ತಪ್ಪಿದೆ. ಗಾಳಿ ಥ್ರಾಟಲ್ ದಾಟಿದ ಮೇಲೂ ಮ್ಯಾನಿಫೋಲ್ಡ್‌ನ ಕವಲುಗಳಲ್ಲಿ, ಸಿಲಿಂಡರಿನ ಕವಾಟಗಳಲ್ಲಿ ನುಸುಳಬೇಕು. ಆ ಇಕ್ಕಟ್ಟುಗಳು ಹಾಗೆಯೇ ಇರುವಾಗ ಹೆಬ್ಬಾಗಿಲನ್ನಷ್ಟೇ ಅಗಲಿಸಿ ಪ್ರಯೋಜನವೇನು? ಹಾಗಿದ್ದರೂ ಇಂತಹ ಮಾರ್ಪಾಡು ಮಾಡಿದವರೆಲ್ಲ ಕಾರು ಚುರುಕಾಯಿತು ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ರಂಧ್ರ ದೊಡ್ಡದಾದಾಗ ಪೆಡಲನ್ನು ಕಾಲುಭಾಗ ಒತ್ತಿದರೂ ಮೊದಲಿಗಿಂತ ಹೆಚ್ಚು ಗಾಳಿ ಒಳಹೋಗುತ್ತದೆ, ಕಾರು ಮುನ್ನುಗ್ಗುತ್ತದೆ. ಅದೇ ಫಲವನ್ನು ಪೆಡಲನ್ನು ಇನ್ನೊಂದಿಷ್ಟು ಒತ್ತಿಯೂ ಪಡೆಯಬಹುದಿತ್ತು. ಪೂರ್ತಿ ಒತ್ತಿದಾಗ ಸಿಗುವ ಗರಿಷ್ಠ ಶಕ್ತಿ ಬಹುಪಾಲು ಹಿಂದಿನಷ್ಟೇ ಇರುತ್ತದೆ. ಪೆಡಲಿಗೆ ಜೋಡಿಸಲೆಂದು ಇಂದು ಮಾರಾಟವಾಗುವ ಥ್ರಾಟಲ್ ಕಂಟ್ರೋಲರ್ ಎಂಬ ಪೆಟ್ಟಿಗೆಗಳು ಮಾಡುವುದೂ ಇಷ್ಟೇ.

ಇನ್ನು ನನ್ನ ಕಥೆ. ರಂಧ್ರವನ್ನು ಅರದಿಂದ ಉಜ್ಜಿ, ಎಮರಿ ಕಾಗದದಿಂದ ನುಣುಪು ಮಾಡಿ, ಅದರ ಅಳತೆಗೆ ಹೊಸ ಬಿಲ್ಲೆಯೊಂದನ್ನು ಜೆ.ಸಿ. ರಸ್ತೆಯ ಹಿಂಬದಿಯ ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಅಚ್ಚುಕಟ್ಟಾದ ದುಂಡು ಬಿಲ್ಲೆ. ಕಾರ್ಖಾನೆಯ ಬಿಲ್ಲೆ ನಿಜವಾಗಿ ದುಂಡಗಿರುವುದಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಮುಚ್ಚಿದಾಗಲೂ ಅದು ಕೆಲವು ಡಿಗ್ರಿ ಓರೆಯಾಗಿ ನಿಲ್ಲುವಂತೆ ತುಸು ಅಂಡಾಕಾರದಲ್ಲಿ, ಅಂಚು ಇಳಿಜಾರಾಗಿರುವಂತೆ ಅದನ್ನು ಕತ್ತರಿಸಿರುತ್ತಾರೆ, ರಂಧ್ರದ ಗೋಡೆಗೆ ಕಚ್ಚಿಕೊಳ್ಳಬಾರದೆಂದು. ನಾನು ಕೈಯಿಂದ ಉಜ್ಜಿದ ರಂಧ್ರವೋ, ಎಲ್ಲ ಕಡೆ ಒಂದೇ ಸಮವಾಗಿರಲಿಲ್ಲ.

ಮೂರು ದಿನ ಕಾರು ಕುದುರೆಯಂತೆ ಓಡಿತು. ನಾಲ್ಕನೆಯ ದಿನ ಸಂಜೆ, ಕನಕಪುರ ರಸ್ತೆಯಲ್ಲಿ ಸಾರಕ್ಕಿ ಸಿಗ್ನಲ್ ಸಮೀಪಿಸುತ್ತಿದ್ದಾಗ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಎಂಜಿನ್ನಿನ ಸದ್ದು ಇಳಿಯಲಿಲ್ಲ. ಬಿಸಿಗೆ ಹಿಗ್ಗಿದ ಬಿಲ್ಲೆ ಮುಚ್ಚುವ ದಾರಿಯಲ್ಲೇ ಗೋಡೆಗೆ ಸಿಕ್ಕಿಕೊಂಡಿತ್ತು. ಮುಂದೆ ಒಬ್ಬ ತಾಯಿ ಇಬ್ಬರು ಮಕ್ಕಳ ಕೈ ಹಿಡಿದು ರಸ್ತೆ ದಾಟುತ್ತಿದ್ದರು. ಕ್ಲಚ್ ತುಳಿದು, ಬ್ರೇಕನ್ನು ಬಲವಾಗಿ ಒತ್ತಿ, ಕೀಲಿ ತಿರುಗಿಸಿದೆ. ಕಾರು ಅವರಿಂದ ಒಂದು ಮಾರು ದೂರದಲ್ಲಿ ನಿಂತಿತು. ಆ ತಾಯಿ ನನ್ನನ್ನು ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ. ಗಾಬರಿಯಲ್ಲಿ ಬ್ರೇಕನ್ನು ಒತ್ತಿ ಬಿಟ್ಟು ಮಾಡಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಮೈ ನಡುಗುತ್ತದೆ. ಬ್ರೇಕಿಗೆ ನೆರವಾಗುವ ನಿರ್ವಾತ ಹುಟ್ಟುವುದು ಥ್ರಾಟಲ್ ಮುಚ್ಚಿದಾಗ. ಅದು ತೆರೆದೇ ಉಳಿದರೆ ಎರಡು ಮೂರು ಸಲ ಒತ್ತುವುದರೊಳಗೆ ಆ ನೆರವು ಬರಿದಾಗಿ ಪೆಡಲು ಕಲ್ಲಾಗುತ್ತದೆ.

ಕಾನೂನು ಈ ಬಗ್ಗೆ ಏನು ಹೇಳುತ್ತದೆ? ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಿತು. ಆದರೆ ನೋಂದಣಿ ಪತ್ರದಲ್ಲಿ ಇರುವುದು ಎಂಜಿನ್ನಿನ ಸಿ.ಸಿ., ಥ್ರಾಟಲ್ ರಂಧ್ರದ ವ್ಯಾಸವಲ್ಲ. ಹೊಗೆ ತಪಾಸಣೆಯೋ, ನಿಂತ ವಾಹನದ ಹೊಗೆಯನ್ನಷ್ಟೇ ಅಳೆಯುತ್ತದೆ. ಕರ್ಕಶ ಸೈಲೆನ್ಸರ್ ಪೊಲೀಸರ ಕಿವಿಗೆ ಬೀಳುತ್ತದೆ, ಕಪ್ಪು ಗಾಜು ಕಣ್ಣಿಗೆ ಬೀಳುತ್ತದೆ. ಬಾನೆಟ್ಟಿನ ಕೆಳಗೆ ಕಚ್ಚಿಕೊಳ್ಳಲು ಕಾದಿರುವ ಬಿಲ್ಲೆ ಯಾರಿಗೂ ಕಾಣುವುದಿಲ್ಲ. ಅಂದರೆ ಅತಿ ಅಪಾಯಕಾರಿಯಾದ ಮಾರ್ಪಾಡೇ ಕಾನೂನಿನ ಕೈಗೆ ಎಟುಕದೆ ಉಳಿದಿದೆ.

ಹಾಗೆಂದು ನಿಷೇಧವನ್ನು ಇನ್ನಷ್ಟು ಬಿಗಿಗೊಳಿಸುವುದು ಪರಿಹಾರವೆಂದು ನಾನು ಭಾವಿಸುವುದಿಲ್ಲ. ಯಂತ್ರವನ್ನು ಬಿಚ್ಚಿ ನೋಡಬೇಕೆಂಬ ಹಂಬಲ ಅಪರಾಧವಲ್ಲ, ಅದು ಎಂಜಿನಿಯರನ ಮೊದಲ ಲಕ್ಷಣ. ಜರ್ಮನಿಯಲ್ಲಿ ಮಾರ್ಪಾಡನ್ನು ಅಧಿಕೃತ ಪರೀಕ್ಷಕರು ತಪಾಸಣೆ ಮಾಡಿ, ಸುರಕ್ಷಿತವೆನಿಸಿದರೆ ವಾಹನದ ದಾಖಲೆಯಲ್ಲಿ ನಮೂದಿಸುವ ವ್ಯವಸ್ಥೆಯಿದೆ. ನಮ್ಮ ಸಾರಿಗೆ ಇಲಾಖೆಯೂ ಅಂಥದೊಂದು ದಾರಿಯನ್ನು ತೆರೆಯಬೇಕು. ಪರೀಕ್ಷೆಗೆ ಒಡ್ಡುವ ಅವಕಾಶವಿದ್ದರೆ ಹುಡುಗರು ಕದ್ದುಮುಚ್ಚಿ ಮಾಡುವುದು ತಪ್ಪುತ್ತದೆ. ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳು ಈ ಕೆಲಸಕ್ಕೆ ಕೈಜೋಡಿಸಬಹುದು.

ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗೆ ಈಗಲೂ ಒಂದು ಒಳ್ಳೆಯ ದಾರಿ ಇದೆ. ಫಾರ್ಮುಲಾ ಸ್ಟೂಡೆಂಟ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುತ್ತಾರೆ. ಅದೇ ಮಾದರಿಯ ಫಾರ್ಮುಲಾ ಭಾರತ್ ಸ್ಪರ್ಧೆಗಳು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆದಿವೆ. ಅಲ್ಲಿನ ನಿಯಮ ಸ್ವಾರಸ್ಯಕರವಾದುದು: ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ವ್ಯಾಸದ ಒಂದೇ ರಂಧ್ರದ ಮೂಲಕ ಹೋಗಬೇಕು. ರಂಧ್ರವನ್ನು ಹಿಗ್ಗಿಸದೆಯೇ ಗಾಳಿಯನ್ನು ಜಾಣತನದಿಂದ ನಡೆಸುವುದನ್ನು ಅಲ್ಲಿ ಕಲಿಯಬೇಕಾಗುತ್ತದೆ. ಕೇಬಲ್ಲಿನ ಥ್ರಾಟಲ್‌ಗೆ ಮುಚ್ಚುವ ಸ್ಪ್ರಿಂಗ್ ಎರಡಾದರೂ ಇರಬೇಕು, ಒಂದು ಮುರಿದರೂ ಇನ್ನೊಂದು ಬಾಗಿಲು ಹಾಕಬೇಕು ಎಂಬುದೂ ಅಲ್ಲಿನ ನಿಯಮವೇ.

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಥ್ರಾಟಲ್ ಬಾಡಿಯೊಳಗೆ ಕಟ್ಟಿದ ಕರಿಯನ್ನು ಅದಕ್ಕೆಂದೇ ಸಿಗುವ ಸ್ಪ್ರೇ ಬಳಸಿ, ಮೆತ್ತನೆಯ ಬಟ್ಟೆಯಿಂದ ಒರೆಸಬಹುದು. ಕೆರೆಯಬಾರದು, ಕೆಲವದರ ಒಳಮೈಗೆ ತೆಳುವಾದ ಲೇಪನವಿರುತ್ತದೆ. ಇಂದಿನ ಕಾರುಗಳಲ್ಲಿ ಬಿಲ್ಲೆಯನ್ನು ಮೋಟರ್ ತಿರುಗಿಸುವುದರಿಂದ ಅದನ್ನು ಬೆರಳಿನಿಂದ ಬಲವಂತವಾಗಿ ತೆರೆಯಲೂಬಾರದು. ಗಾಳಿಯ ಫಿಲ್ಟರ್ ಬದಲಿಸಿದರೆ ಹಳೆಯ ಕಾರಿಗೆ ಅರ್ಧ ಆಯುಸ್ಸು ಮರಳಿದಂತೆ.

ಅಂದು ನಾನು ಹುಡುಗನಿಗೆ ಅರಗಳನ್ನು ಕೊಡಲಿಲ್ಲ. ಕಾರಿನ ಸೆನ್ಸರ್‌ಗಳ ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸುವ ಪುಟ್ಟ ಒಬಿಡಿ ಸಾಧನವನ್ನು ಕೊಟ್ಟು, ನಾನೂ ಪಕ್ಕದಲ್ಲಿ ಕುಳಿತೆ. ಎಂಜಿನ್ ನಿಂತಿದ್ದಾಗ ಮ್ಯಾನಿಫೋಲ್ಡಿನ ಒತ್ತಡ 91 ಕಿಲೋಪಾಸ್ಕಲ್. ಮುಂಜಾನೆಯ ಖಾಲಿ ಏರಿನಲ್ಲಿ, ಎರಡನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ 89. ನಡುವಿನ ವ್ಯತ್ಯಾಸ ಎರಡು. ರಂಧ್ರವನ್ನು ಎಷ್ಟೇ ಹಿಗ್ಗಿಸಿದರೂ ಗಳಿಸಬಹುದಾದದ್ದು ಹೆಚ್ಚೆಂದರೆ ನೂರಕ್ಕೆ ಎರಡು, ಅದರಲ್ಲೂ ಒಂದು ಪಾಲು ಧೂಳು ಹಿಡಿದ ಫಿಲ್ಟರಿನದು. ಹುಡುಗ ಬಹಳ ಹೊತ್ತು ಆ ಅಂಕಿಗಳನ್ನೇ ನೋಡುತ್ತ ಕುಳಿತಿದ್ದ. ಆಮೇಲೆ, ‘ಹಾಗಾದ್ರೆ ಉಳಿದ ಶಕ್ತಿ ಎಲ್ಲಿ ಹೋಗ್ತಿದೆ ಅಂಕಲ್?’ ಎಂದು ಕೇಳಿದ. ಹದಿನೈದು ವರ್ಷಗಳ ಹಿಂದೆ ಅರ ಕೈಗೆತ್ತಿಕೊಳ್ಳುವ ಮೊದಲು ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು.