ಯಾವ ಸೊನ್ನ?
ಅಫಜಲಪುರ ತಾಲೂಕಿನಲ್ಲಿ ಭೀಮಾ ಬ್ಯಾರೇಜಿನ ಸೊನ್ನ ಇದೆ, ಜೇವರ್ಗಿಯಲ್ಲಿ ಇನ್ನೊಂದು. ಆಸ್ಪತ್ರೆ ಕಾರ್ಡಿನಲ್ಲಿ ಬರೀ ‘ಸೊನ್ನ’ ಅಂತ ಬರೆದರೆ ರೋಗಿ ಯಾವ ಊರಿನ ಲೆಕ್ಕಕ್ಕೆ? ಕ್ಯಾನ್ಸರ್ ನೋಂದಣಿ ಎಡವೋದು ಇಂಥಲ್ಲೇ. ಶರಣಮ್ಮ ಅಂತ ಒಬ್ಬರಿದ್ದಾರೆ ಅಂದುಕೊಳ್ಳಿ. ಕಲಬುರಗಿಯಲ್ಲಿ ಒಂದು ಸ್ಪೆಲಿಂಗ್, ಸೊಲ್ಲಾಪುರದಲ್ಲಿ ಇನ್ನೊಂದು, ವಯಸ್ಸು ‘ಅಂದಾಜು 50’. ಲೆಕ್ಕದಲ್ಲಿ ಇಬ್ಬರು ರೋಗಿಗಳು! ಬೆಂಗಳೂರಿನ ಕಿದ್ವಾಯಿಗೆ ಹೋದವರು ನೆಂಟರ ಮನೆ ವಿಳಾಸ ಕೊಟ್ಟರಂತೂ ನಮ್ಮ ಜಿಲ್ಲೆಯ ರೋಗ ಬೆಂಗಳೂರಿನ ಅಂಕಿಗೆ ಸೇರೀತು. ವರ್ಷದಿಂದ ಎಲ್ಲಿ ವಾಸ ಅಂತ ಕೇಳಬೇಕಾದ್ದು ಅದಕ್ಕೇ.

ಹಳ್ಳಿಗಳಲ್ಲಿ ಇದೆಲ್ಲ ಆಗಲ್ಲ ಅನ್ನಬೇಡಿ. ಗಡಿಯಾಚೆ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲೇ ಗ್ರಾಮೀಣ ನೋಂದಣಿ ಶುರುವಾಯಿತು. ರೋಗಿ ಬರಲಿ ಅಂತ ಕೂರದೆ ಅವರು ಹಳ್ಳಿಗಳಿಗೇ ಹೋದರು. ನಾವು ಕೇಳೋದು ಇಷ್ಟೇ: ಹೆಸರಿನ ಪಕ್ಕ ತಾಲೂಕು, ಊರಿನ ಸರ್ಕಾರಿ ಕೋಡ್, ರೋಗ ಪತ್ತೆಯಾದ ದಿನಾಂಕ, ಬಯಾಪ್ಸಿ ಆಗಿದೆಯೋ ಇಲ್ಲವೋ. ಆ್ಯಪ್ ಆಮೇಲೆ ಮಾಡೋಣ.